ಕನ್ನಡಕ ಬರೋದು ತಕ್ದೀರ್ (ಹಣೆಬರಹ) ಅಲ್ವಾ, ತಡೆಯೋಕೆ ಆಗುತ್ತಾ?

ಹದಿಹರೆಯದ ಮಕ್ಕಳಿಗೆ ದೀನಿನ (ಧರ್ಮದ) ಪಾಠ ಮಾಡುವಾಗ ಕಣ್ಣಿನ ಆರೈಕೆಯನ್ನೂ ಹೇಳಿಕೊಡುತ್ತೇನೆ. ಹಾಗಾಗಿ ತಂದೆ ತಾಯಂದಿರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ.

ಹೆತ್ತವರಿಂದ ಬರುವ ಪಾಲು ಇದೆ, ನಿಜ. ಆದರೆ ಎಲ್ಲವೂ ಅದೇ ಅಲ್ಲ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದವಾದರೆ ದೂರದ್ದು ಮಸುಕಾಗುತ್ತದೆ, ಇದೇ ಸಮೀಪದೃಷ್ಟಿ. ಅದನ್ನು ತಡೆಯುವುದರಲ್ಲಿ ಹಗಲು ಬೆಳಕಿನ ಪಾಲು ದೊಡ್ಡದು. ಮನೆಯೊಳಗೆ ಸಾಮಾನ್ಯವಾಗಿ 500 ಲಕ್ಸ್ (ಬೆಳಕಿನ ಅಳತೆ) ಬೆಳಕೂ ಇರುವುದಿಲ್ಲ. ಹೊರಗೆ ಬಿಸಿಲಿದ್ದರೆ 10,000 ದಾಟುತ್ತದೆ. ಚೀನಾದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು 3 ವರ್ಷ ನೋಡಿದರು. 2015ರಲ್ಲಿ ಫಲಿತಾಂಶ ಬಂತು. ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ ಸುಮಾರು 30, ಉಳಿದ ಶಾಲೆಗಳಲ್ಲಿ ಸುಮಾರು 40.

‘ಓದೋದೂ ಇಬಾದತ್ (ಆರಾಧನೆ) ತಾನೇ, ಬಿಟ್ಟು ಹೊರಗೆ ಹೋಗು ಅನ್ನೋದು ಹೇಗೆ?’ ಅಂತ ಕೆಲವರಿಗೆ ಅಳುಕು. ಸಹಾಬಿ (ಪ್ರವಾದಿಯವರ ಸಂಗಾತಿ) ಅಬ್ದುಲ್ಲಾ ಇಬ್ನ್ ಅಮ್ರ್ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜ್ ಅಂತ ಇದ್ದವರು. ಅವರಿಗೆ ಪ್ರವಾದಿ(ಸ) ಹೇಳಿದ್ದು: ನಿನ್ನ ದೇಹಕ್ಕೆ ನಿನ್ನ ಮೇಲೆ ಹಕ್ಕಿದೆ, ನಿನ್ನ ಕಣ್ಣಿಗೂ ನಿನ್ನ ಮೇಲೆ ಹಕ್ಕಿದೆ. ಅಲ್ಲಿನ ಮಾತು ನಿದ್ದೆಯದು. ಆದರೆ ಇಬಾದತ್ತೇ ಕಣ್ಣಿನ ಹಕ್ಕು ಕಸಿಯಬಾರದು ಅಂದ ಮೇಲೆ ಮೊಬೈಲ್‌ಗೆ, ಪರೀಕ್ಷೆಗೆ ಆ ಅನುಮತಿ ಎಲ್ಲಿಂದ ಬರುತ್ತದೆ? ಕಣ್ಣು ಅಲ್ಲಾಹನ ಅಮಾನತ್, ಅವನು ನಂಬಿ ಒಪ್ಪಿಸಿದ್ದು. ತಕ್ದೀರ್ ಅಂತ ಕೈಕಟ್ಟಿ ಕೂರುವಂತಿಲ್ಲ.

ಈ ವಯಸ್ಸಿನವರಿಗೆ ಹೆದರಿಸಿ ಹೇಳಿದರೆ ನಾಟುವುದಿಲ್ಲ, ಮಾಡಿಸಬೇಕು. ಮುಷ್ಟಿಯನ್ನು ಕೆನ್ನೆಗಿಟ್ಟು ಮೊಣಕೈಯನ್ನು ಪುಟದ ಮೇಲೆ ಊರಿಸುತ್ತೇನೆ. ಪುಸ್ತಕ ಅಷ್ಟು ದೂರದಲ್ಲಿರಬೇಕು, ಮುಸ್‌ಹಫ್ (ಕುರ್‌ಆನ್ ಪ್ರತಿ) ಆದರೂ ಅಷ್ಟೇ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ 20 ಅಡಿ ಆಚೆಗಿನದನ್ನು 20 ಸೆಕೆಂಡ್ ನೋಡಿಸುತ್ತೇನೆ. ಕುರ್‌ಆನಿನ ಅಲ್ ಗಾಶಿಯಾ ಸೂರಾದಲ್ಲಿ (ಅಧ್ಯಾಯದಲ್ಲಿ) ಒಂಟೆಯನ್ನು, ಎತ್ತರದ ಆಕಾಶವನ್ನು, ಬೆಟ್ಟಗಳನ್ನು, ಹರಡಿದ ಭೂಮಿಯನ್ನು ನೋಡುವುದಿಲ್ಲವೇ ಎಂದು ಕೇಳುವ ಆಯತ್‌ಗಳಿವೆ (ವಚನಗಳಿವೆ). ಅವನ್ನು ಓದಿಸಿ, ಮುಸ್‌ಹಫ್ ಮುಚ್ಚಿಸಿ ಎಲ್ಲರನ್ನೂ ಹೊರಗೆ ಕಳಿಸುತ್ತೇನೆ. ಅಸರ್ (ಸಂಜೆಗೆ ಮುಂಚಿನ ನಮಾಜ್) ಆದ ಮೇಲೆ ಮಗ್ರಿಬ್ (ಸೂರ್ಯಾಸ್ತದ ನಮಾಜ್) ತನಕ ಆಡಲಿ, ನಡೆಯಲಿ, ಸುಮ್ನೆ ಕೂತಿರಲಿ. ಸೂರ್ಯನನ್ನು ನೇರವಾಗಿ ನೋಡಬಾರದು, ಅಷ್ಟೇ. ದಿನಕ್ಕೆ ಒಟ್ಟು 2 ಗಂಟೆ ಹೊರಗಿದ್ದರೆ ಒಳ್ಳೆಯದು.

ಕನ್ನಡಕ ಈಗಾಗಲೇ ಬಂದಿದ್ದರೆ ಡಾಕ್ಟರ್ ಕೊಟ್ಟ ಪೂರ್ತಿ ನಂಬರ್ ಹಾಕಿಸಿ. ಕಮ್ಮಿ ನಂಬರ್ ಹಾಕಿದರೆ ಏರೋದು ನಿಲ್ಲುತ್ತದೆ ಅನ್ನೋದು ತಪ್ಪು.

ಹೆಣ್ಣುಮಕ್ಕಳ ವಿಷಯ ನನಗೆ ಜಾಸ್ತಿ ಚಿಂತೆ. ದೊಡ್ಡವಳಾದಳು ಅಂತ ಒಳಗೇ ಕೂರಿಸುತ್ತಾರೆ. ಬೆಳಕು ಬೇಕಿರುವುದು ಕಣ್ಣಿಗೆ, ಹಿಜಾಬ್ ಅದಕ್ಕೆ ಅಡ್ಡಿಯಲ್ಲ. ಅಣ್ಣ ತಮ್ಮಂದಿರ ಜೊತೆ ಅವಳನ್ನೂ ಹೊರಗೆ ಕಳಿಸಿ.