ಯೂಲಿಯಾ ದೊಮ್ನಾಳ ನಾಣ್ಯಗಳು: ಐದನೆಯ ತಿಂಗಳ ಪ್ರಗತಿ

ರೋಮ್ ಸಾಮ್ರಾಟ ಸೆಪ್ಟಿಮಿಯಸ್ ಸೆವೆರಸ್‌ನ ಪತ್ನಿ ಯೂಲಿಯಾ ದೊಮ್ನಾಳ ಬೆಳ್ಳಿಯ ದಿನಾರಿಯಸ್ ನಾಣ್ಯಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲು ಹೊರಟು ಐದು ತಿಂಗಳಾಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿದ, ರೋಮ್‌ನ ಹಿಂದಿನ ಸಾಮ್ರಾಟ ತಿಬೇರಿಯಸ್‌ನ ನಾಣ್ಯಗಳ ಬಗ್ಗೆ ಓದುವಾಗ, ಅವನ ದಿನಾರಿಯಸ್‌ನ ಹಿಮ್ಮುಖದಲ್ಲಿ, ಅಂದರೆ ನಾಣ್ಯದ ಹಿಂಬದಿಯಲ್ಲಿ, ಇರುವ ಕುಳಿತ ಸ್ತ್ರೀಯನ್ನು ಅವನ ತಾಯಿ ಲಿವಿಯಾ ಎಂದೇ ಹಲವರು ಗುರುತಿಸುತ್ತಾರೆಂದು ತಿಳಿದು ಹುಟ್ಟಿದ ಕುತೂಹಲ ಇಲ್ಲಿಗೆ ತಂದು ನಿಲ್ಲಿಸಿದೆ. ಈಗ ಕೈಯಲ್ಲಿರುವ ಒಂಬತ್ತು ನಾಣ್ಯಗಳಲ್ಲಿ ಎಂಟಕ್ಕೆ ಜಾಗ ಗೊತ್ತಾಗಿದೆ.

ಗಂಡನ ನಾಣ್ಯಗಳಾಗಿದ್ದರೆ ಕೆಲಸ ಇಷ್ಟು ತಡವಾಗುತ್ತಿರಲಿಲ್ಲ. ಟ್ರಿಬ್ಯೂನ್ ಅಧಿಕಾರದ ಎಷ್ಟನೆಯ ವರ್ಷ, ಎಷ್ಟನೆಯ ಬಾರಿ ಕಾನ್ಸುಲ್ ಎಂಬ ಲೆಕ್ಕ ಸಾಮ್ರಾಟನ ಅನೇಕ ನಾಣ್ಯಗಳ ಮೇಲೆಯೇ ಇರುತ್ತದೆ. ಹೆಂಗಸರಿಗೆ ಆ ಹುದ್ದೆಗಳು ಇರದಿದ್ದುದರಿಂದ ದೊಮ್ನಾಳ ನಾಣ್ಯದಲ್ಲಿ ಅಂಥ ಲೆಕ್ಕವೇ ಇಲ್ಲ. ಹೆಸರನ್ನು ಕೆತ್ತಿದ ರೀತಿಯೊಂದೇ ನಮಗೆ ದಾರಿ. ಕ್ರಿ.ಶ. 193ರಿಂದ 196ರವರೆಗೆ ‘ಯೂಲಿಯಾ ದೊಮ್ನಾ ಆಗ್’ (‘ಆಗ್’ ಎಂದರೆ ಸಾಮ್ರಾಜ್ಞಿಯ ಬಿರುದಾದ ‘ಆಗುಸ್ತಾ’ದ ಮೊಟಕು ರೂಪ), ಅನಂತರ 211ರಲ್ಲಿ ಗಂಡ ತೀರಿಕೊಳ್ಳುವವರೆಗೆ ‘ಯೂಲಿಯಾ ಆಗುಸ್ತಾ’, ಮಗ ಕರಕಲ್ಲಾನ ಆಳ್ವಿಕೆಯಲ್ಲಿ ‘ಯೂಲಿಯಾ ಪಿಯಾ ಫೆಲಿಕ್ಸ್ ಆಗ್’ ಎಂದು ಅಚ್ಚಾಗಿದೆ.

ಉದ್ದನೆಯ ಪಂಜನ್ನು ಎರಡೂ ಕೈಗಳಲ್ಲಿ ಹಿಡಿದ ಡಯಾನಾ ದೇವಿಯ ನಾಣ್ಯವನ್ನು ಎರಡು ತಿಂಗಳು ತಪ್ಪು ಸಾಲಿನಲ್ಲಿ ಇಟ್ಟಿದ್ದೆ. ಈ ಹಿಮ್ಮುಖ ಗಂಡನ ಕಾಲದಲ್ಲೂ ಮಗನ ಕಾಲದಲ್ಲೂ ಬಂದಿರುವುದರಿಂದ ಅದನ್ನು ನಂಬಿ ಏನನ್ನೂ ಹೇಳುವಂತಿಲ್ಲ. ಕಳೆದ ವಾರ ಮೇಜಿನ ದೀಪವನ್ನು ಓರೆಯಾಗಿಸಿ, ಭೂತಗನ್ನಡಿ ಹಿಡಿದು ತುರುಬಿನ ಹಿಂಬದಿಯಿಂದ ಮೇಲಕ್ಕೆ ಓದುತ್ತ ಹೋದಾಗ, ‘ಯೂಲಿಯಾ’ ಮುಗಿದ ಮೇಲೆ ಖಾಲಿಯೆಂದುಕೊಂಡಿದ್ದ ಜಾಗದಲ್ಲಿ ‘ಪಿಯಾ’ದ ಮೂರು ಅಕ್ಷರಗಳ ಬುಡ ಮಾತ್ರ ಸವೆಯದೆ ಉಳಿದಿರುವುದು ಕಂಡಿತು. ನಾಣ್ಯ ಆ ಕ್ಷಣವೇ 211ರ ಈಚೆಗೆ ಬಂದುಬಿಟ್ಟಿತು. ಆ ತುರುಬಿನ ಬಗ್ಗೆಯೂ ಒಂದು ಮಾತು: ಅಲೆಅಲೆಯಾಗಿ ಕಿವಿಯವರೆಗೆ ಇಳಿದು ಹಿಂದೆ ಅಗಲವಾಗಿ ಕೂಡಿಕೊಳ್ಳುವ ಆ ಕೇಶರಾಶಿ ಪೂರ್ತಿ ಅವಳದೇ ಅಲ್ಲ, ಚೌರಿಯ ಸಹಾಯವಿತ್ತೆಂದು ವಿದ್ವಾಂಸರಲ್ಲಿ ಹಲವರು ಊಹಿಸುತ್ತಾರೆ. ನನಗೂ ಹಾಗೆಯೇ ಅನ್ನಿಸುತ್ತದೆ.

ಸಂಗ್ರಹದಲ್ಲಿ ಇರಲೇಬೇಕೆಂದು ನಾನು ಬಯಸುವ ಎರಡು ನಾಣ್ಯಗಳು ಇನ್ನೂ ಸಿಕ್ಕಿಲ್ಲ. 195ರಲ್ಲಿ ಅವಳಿಗೆ ದೊರೆತ ‘ಸೇನಾಶಿಬಿರಗಳ ಮಾತೆ’ ಎಂಬ ಬಿರುದನ್ನು ಸಾರುವ, ಸೇನೆಯ ಧ್ವಜಗಳ ಮುಂದೆ ಸ್ತ್ರೀಯೊಬ್ಬಳು ಬಲಿಪೀಠದಲ್ಲಿ ಅರ್ಪಣೆ ಮಾಡುತ್ತಿರುವ ನಾಣ್ಯ ಒಂದು. ಅದರ ಬೆಲೆ ಸದ್ಯಕ್ಕೆ ನನ್ನ ಕೈಗೆ ಎಟುಕುವುದಿಲ್ಲ. ಕರಕಲ್ಲಾ 215ರಲ್ಲಿ ಹೊರತಂದ ದೊಡ್ಡ ನಾಣ್ಯದಲ್ಲಿ ಅವಳ ಎದೆಚಿತ್ರದ ಕೆಳಗೆ ಅರ್ಧಚಂದ್ರವಿರುವುದು ಇನ್ನೊಂದು.

ಒಂಬತ್ತನೆಯ ನಾಣ್ಯ ಹಾಳಾಗಿದ್ದು ನನ್ನಿಂದಲೇ. ಹವ್ಯಾಸದ ಮೊದಲ ದಿನಗಳಲ್ಲಿ, ದೇವರ ಮನೆಯ ಹಿತ್ತಾಳೆ ದೀಪಕ್ಕೆ ಹಚ್ಚುವ ಹಾಗೆ ಅದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ತಾಮ್ರ ಬೆರೆತ ಆ ಬೆಳ್ಳಿಯ ಮೇಲ್ಮೈ ತರಿತರಿಯಾಗಿ, ಅಕ್ಷರಗಳೆಲ್ಲ ಅಳಿಸಿಹೋಗಿ, ಕೊರಳ ಮುಂದಿನ ಕೊನೆಯ ಅಕ್ಷರ ಮಾತ್ರ ಮಸುಕಾಗಿ ಉಳಿದಿದೆ. ಅದು ‘ಎ’ ಆದರೆ ‘ಆಗುಸ್ತಾ’, ಅಂದರೆ ನಡುವಿನ ಸಾಲು. ‘ಜಿ’ ಆದರೆ ಮೊದಲನೆಯ ಇಲ್ಲವೇ ಕೊನೆಯ ಸಾಲು. ಮೊನ್ನೆ ಅದು ‘ಎ’ ಎಂದು ಚೀಟಿ ಬರೆದೆ, ನಿನ್ನೆ ಹೊಡೆದುಹಾಕಿದೆ.