ತಪ್ಪು ಬಿಸಿಲಿನದಲ್ಲ

ಕಳೆದ ಏಪ್ರಿಲ್‌ನಲ್ಲಿ ನನ್ನ ಮಗಳು ಮೈನೆರೆದಳು. ಅವಳಿಗೆ ಆಗಷ್ಟೇ 11 ತುಂಬಿತ್ತು. ಉಡಿ ತುಂಬಲು ಕಲಬುರಗಿಯ ನಮ್ಮ ಮನೆಗೆ ಬಂದ ಹೆಂಗಸರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಆಡಿದರು: "ನಮ್ಮ ಕಡಿ ಬಿಸಲಿಗಿ ಹುಡುಗೇರು ಲಗೂ ದೊಡ್ಡಾವ್ರಾಗ್ತಾರ."

ನನ್ನ ಅವ್ವ ಮಾತ್ರ ಇದನ್ನು ಒಪ್ಪಲಿಲ್ಲ. ಚಿತ್ತಾಪುರ ತಾಲ್ಲೂಕಿನ ಇದೇ ಬಿಸಿಲಿನಲ್ಲಿ ಬೆಳೆದ ಅವಳು ಮೈನೆರೆದದ್ದು 16ನೇ ವಯಸ್ಸಿನಲ್ಲಿ. 1972ರ ಬರದಲ್ಲಿ ಅವಳಿಗೆ 10 ವರ್ಷ. ತಾಯಿಯ ಹಿಂದೆ ಬರಗಾಲದ ಕಾಮಗಾರಿಗೆ ಹೋಗಿ ಬುಟ್ಟಿಯಲ್ಲಿ ಮಣ್ಣು ಹೊತ್ತು, ಸಂಜೆ ಒಂದು ಜೋಳದ ರೊಟ್ಟಿಯನ್ನು ಮೂವರು ಹರಿದುಕೊಂಡು ತಿಂದವಳು. ಆದರೆ ಮನೆಯಲ್ಲಿ ಎಮ್ಮೆಯ ಹಾಲು ಕಂಡ ಮೇಲೆ ಹುಟ್ಟಿದ ಅವಳ ತಂಗಿ, ನನ್ನ ಚಿಗವ್ವ, 13ಕ್ಕೇ ದೊಡ್ಡವಳಾದಳು. ತಾಯಿ ಒಬ್ಬಳೇ, ಊರೂ ಒಂದೇ.

ವಂಶದ ಪಾತ್ರ ಸಣ್ಣದೇನಲ್ಲ. ತಾಯಿ ಬೇಗ ಮೈನೆರೆದಿದ್ದರೆ ಮಗಳೂ ಬೇಗ ಮೈನೆರೆಯುವ ಸಂಭವ ಹೆಚ್ಚು; ಸುಮಾರು 8 ಲಕ್ಷ ಮಹಿಳೆಯರ ವಂಶವಾಹಿಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವು ಮೊದಲ ಮುಟ್ಟಿನ ವಯಸ್ಸಿಗೆ ಸಂಬಂಧಿಸಿದ ಸಾವಿರಕ್ಕೂ ಹೆಚ್ಚು ವ್ಯತ್ಯಾಸಗಳನ್ನು ಗುರುತಿಸಿದೆ. ಆದರೆ ದೇಹವು ಆ ಆನುವಂಶಿಕ ಅಳತೆಯನ್ನು ಊಟದ ಲೆಕ್ಕದೊಂದಿಗೆ ಸೇರಿಸಿಯೇ ಓದುತ್ತದೆ. ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡಿದಾಗ ಅದರಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನು 'ಮೈ ಸಿದ್ಧವಾಗಿದೆ' ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಹಸಿವು ಮತ್ತು ದುಡಿತದಲ್ಲಿ ಬೆಳೆದ ಮೈಗೆ ಆ ಸುದ್ದಿ ತಡವಾಗಿ ಬರುತ್ತದೆ.

ಬಿಸಿಲಿನ ಮಾತಿಗೆ ನನಗೆ ತಿಳಿದ ಅತಿ ಗಟ್ಟಿಯಾದ ಉತ್ತರ ಚಳಿಯ ದೇಶದಿಂದ ಬಂದಿದೆ. ಭಾರತದಿಂದ ಸ್ವೀಡನ್ನಿಗೆ ದತ್ತು ಹೋದ 107 ಹುಡುಗಿಯರ ಬಗ್ಗೆ 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರಲ್ಲಿ ಅರ್ಧದಷ್ಟು ಹುಡುಗಿಯರಿಗೆ ಮೊದಲ ಮುಟ್ಟು 11.6 ವರ್ಷದೊಳಗೇ ಬಂದಿತ್ತು, ಅಂದರೆ ಅಲ್ಲಿಯ ಹುಡುಗಿಯರಿಗಿಂತಲೂ ಮೊದಲು. ಎಳವೆಯಲ್ಲಿ ಸೊರಗಿದ ಮೈಗೆ ಒಮ್ಮೆಲೇ ಸಮೃದ್ಧ ಆಹಾರ ದೊರೆತು ಬೆಳವಣಿಗೆ ಓಡತೊಡಗಿದರೆ, ಮುಟ್ಟೂ ಆ ಓಟದ ಜೊತೆಗೇ ಬರುತ್ತದೆ.

ಅಂದು ಬಂದಿದ್ದ ಒಬ್ಬರು, "ಸಾಲ್ಯಾಗ ಕೊಡೋ ತತ್ತಿ ಬಂದ್ ಮಾಡಸ್ರಿ" ಎಂದರು. ಆ ಮಾತು ನನಗೆ ಬಹಳ ನೋವು ತಂದಿತು. 2021ರ ಕೊನೆಗೆ ನಮ್ಮ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದ್ದೇ ಇಲ್ಲಿಯ ಮಕ್ಕಳು ರಕ್ತಹೀನರಾಗಿದ್ದಾರೆಂಬ ಕಾರಣಕ್ಕೆ. ಅವ್ವ 16ರವರೆಗೆ ಕಾದದ್ದು ಆರೋಗ್ಯದ ಗುರುತಾಗಿರಲಿಲ್ಲ, ಹಸಿವಿನ ಗುರುತಾಗಿತ್ತು. 8 ವರ್ಷಕ್ಕೆ ಮೊದಲೇ ಎದೆ ಮೂಡಿದರೆ, ಇಲ್ಲವೇ 15 ತುಂಬಿದರೂ ಮುಟ್ಟು ಬಾರದಿದ್ದರೆ ವೈದ್ಯರಿಗೆ ತೋರಿಸಬೇಕು. 11 ವರ್ಷಕ್ಕೆ ಬಂದರೆ ಹೆದರಬೇಕಾದದ್ದಿಲ್ಲ. ನನ್ನ ಹೆದರಿಕೆ ಬೇರೆಯದು: ಮೈ ಬೆಳೆದ ಮಾತ್ರಕ್ಕೆ ಮನಸ್ಸೂ ಬೆಳೆಯಿತೆಂದು ತಿಳಿದು, 18ಕ್ಕೆ ಇನ್ನೂ 7 ವರ್ಷ ಇರುವಾಗಲೇ ವರನ ಮಾತು ತೆಗೆಯುವವರು ನಮ್ಮ ಓಣಿಯಲ್ಲಿ ಇಂದಿಗೂ ಇದ್ದಾರೆ.

ಅವ್ವ ಆ ಹೆಂಗಸಿಗೆ ಉತ್ತರ ಕೊಡಲಿಲ್ಲ. ಎದ್ದು ಹೋಗಿ, ಬಟ್ಟಲಿನಲ್ಲಿ ಎರಡು ಶೇಂಗಾ ಉಂಡಿ ತಂದು ಮೊಮ್ಮಗಳ ಕೈಗಿಟ್ಟು, ಅವಳು ತಿಂದು ಮುಗಿಸುವವರೆಗೂ ಪಕ್ಕದಲ್ಲೇ ಕುಳಿತಿದ್ದಳು.