ಬಡವನೊಬ್ಬನೇ ಇದ್ದ ಪಟ್ಟಿ

ನೀತಿಶಿಕ್ಷಣದ ಪೀರಿಯಡ್ ಅಂದರೆ ನಮಗೆ ಬೇರೆ ಸಬ್ಜೆಕ್ಟಿನ ಅಸೈನ್‌ಮೆಂಟ್ ಮುಗಿಸಿಕೊಳ್ಳುವ ಹೊತ್ತು. ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ, ಯಾರು ಕೇಳಿಸಿಕೊಳ್ಳುತ್ತಾರೆ? ನೆನಪಿನಲ್ಲಿ ಉಳಿದ ಕ್ಲಾಸಿನ ಬಗ್ಗೆ ಈ ಸಂಚಿಕೆಗೆ ಬರೆಯಲು ಅದನ್ನೇ ಆರಿಸಿಕೊಂಡೆ ಅಂತ ಗೊತ್ತಾದರೆ ಹಳೇ ಗೆಳೆಯರು ನಗುತ್ತಾರೆ. ನಗಲಿ.

ಒಂದು ದಿನ ಆ ಪಾಠ ಮಾಡುತ್ತಿದ್ದ ಫಾದರ್ ಬಂದವರೇ, ಬಡತನಕ್ಕೆ ಕಾರಣ ಏನು ಹೇಳಿ ಅಂದರು. ಸೋಮಾರಿತನ, ಕುಡಿತ, ಓದಿಲ್ಲದಿರುವುದು, ಜಾಸ್ತಿ ಮಕ್ಕಳು ಅಂತ ಒಬ್ಬೊಬ್ಬರೂ ಒಂದೊಂದು ಕೂಗಿದೆವು. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, ಚಾಕ್ ಕೆಳಗಿಟ್ಟು, "ನಿಮ್ಮ ಪಟ್ಟಿಯಲ್ಲಿ ಬಡವ ಒಬ್ಬನೇ ಇದ್ದಾನಲ್ಲ. ಅವನಿಗೆ ಬಡ್ಡಿಗೆ ಕೊಟ್ಟವನು ಎಲ್ಲಿ? ಕೂಲಿ ಹಿಡಿದುಕೊಂಡವನು ಎಲ್ಲಿ?" ಅಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ.

ಆಮೇಲೆ ಬೈಬಲಿನಲ್ಲಿ ನೆಹೆಮೀಯನ ಪುಸ್ತಕದ 5ನೇ ಅಧ್ಯಾಯ ತೆಗೆಸಿದರು. ಬರ ಬಂದಿದೆ. ಜನ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆ ಎಲ್ಲ ಅಡವಿಡುತ್ತಿದ್ದಾರೆ, ರಾಜನ ಕಂದಾಯ ಕಟ್ಟಲು ಸಾಲ ಮಾಡುತ್ತಿದ್ದಾರೆ, ಕೊನೆಗೆ ಮಕ್ಕಳನ್ನೇ ಜೀತಕ್ಕೆ ಬಿಡುತ್ತಿದ್ದಾರೆ. ಸಾಲ ಕೊಟ್ಟವರು ಹೊರಗಿನವರಲ್ಲ, ಅವರದೇ ಜನ. ಮುಂದಿನ ವರ್ಷ ಮಳೆ ಚೆನ್ನಾಗಿ ಬಂದರೂ ಪ್ರಯೋಜನ ಏನು, ಹೊಲವೇ ಕೈಬಿಟ್ಟು ಹೋಗಿದೆಯಲ್ಲ. ಆ ನಾಡಿನ ಅಧಿಪತಿಯಾಗಿದ್ದ ನೆಹೆಮೀಯ ಅವರಿಗೆ ದಾನ ಹಂಚಿ ಸುಮ್ಮನಾಗಲಿಲ್ಲ. ದೊಡ್ಡವರನ್ನು ಕರೆಸಿ, ಎಲ್ಲರೆದುರು ಬೈದು, ಹೊಲವನ್ನೂ ಬಡ್ಡಿಯನ್ನೂ ಹಿಂದಕ್ಕೆ ಕೊಡಿಸಿದ.

ನನಗೆ ಇವತ್ತಿಗೂ ತುಂಬ ಹಿಡಿಸುವುದು ಬೈಬಲಿನದೇ ಇನ್ನೊಂದು ಪುಸ್ತಕ, ಧರ್ಮೋಪದೇಶಕಾಂಡದ 24ನೇ ಅಧ್ಯಾಯ. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬೇಡ ಅನ್ನುತ್ತದೆ. ಅವತ್ತಿನ ಹಿಟ್ಟು ಅವತ್ತೇ ಬೀಸಬೇಕಾದ ಮನೆಯಲ್ಲಿ ಕಲ್ಲು ಹೋದರೆ ಊಟವೇ ಹೋಯಿತು. ಸಾಲ ಕೊಟ್ಟವನು ಒತ್ತೆ ತರಲು ಮನೆಯೊಳಗೆ ನುಗ್ಗುವ ಹಾಗಿಲ್ಲ, ಹೊರಗೇ ನಿಲ್ಲಬೇಕು, ಸಾಲಗಾರನೇ ತಂದುಕೊಡಬೇಕು. ಹೊದ್ದುಕೊಳ್ಳುವ ಬಟ್ಟೆ ಒತ್ತೆ ಇಟ್ಟಿದ್ದರೆ ಹೊತ್ತು ಮುಳುಗುವಾಗ ವಾಪಸ್ ಕೊಡಬೇಕು, ರಾತ್ರಿ ಅವನು ಏನು ಹೊದ್ದುಕೊಂಡು ಮಲಗುತ್ತಾನೆ? ಬಡವನಿಗೂ ಮರ್ಯಾದೆ ಇದೆ ಅಂತ ಭಾಷಣ ಬಿಗಿಯುವುದು ಸುಲಭ, ಬಾಗಿಲ ಹೊರಗೆ ನಿಲ್ಲು ಅಂತ ಕಾನೂನು ಮಾಡುವುದು ಬೇರೆ ಮಾತು.

ಕ್ಲಾಸಿನಲ್ಲಿ ಒಬ್ಬ ಬಿಡಲಿಲ್ಲ. ಕೆಲಸ ಮಾಡದವನು ಊಟವನ್ನೂ ಮಾಡಬಾರದು ಅಂತ ಬೈಬಲಿನ ಪತ್ರದಲ್ಲಿ ಸಂತ ಪೌಲನೇ ಬರೆದಿಲ್ವಾ ಫಾದರ್ ಅಂದ. ಬರೆದಿದ್ದಾನೆ, ಆದರೆ ಕೆಲಸ ಮಾಡಲು ಮನಸ್ಸಿಲ್ಲದವನ ಬಗ್ಗೆ, ಕೆಲಸ ಸಿಗದವನ ಬಗ್ಗೆ ಅಲ್ಲ ಅಂದರು ಫಾದರ್. ಬಡವರು ಯಾವಾಗಲೂ ನಿಮ್ಮ ಜೊತೆ ಇರುತ್ತಾರೆ ಅಂತ ಯೇಸು ಹೇಳಿದ್ದನ್ನೂ ಇನ್ನೊಬ್ಬಳು ಎತ್ತಿದಳು. ಅದಕ್ಕೆ ಫಾದರ್ ಹಳೇ ಒಡಂಬಡಿಕೆಯ, ಅಂದರೆ ಬೈಬಲಿನಲ್ಲಿ ಯೇಸುವಿಗಿಂತ ಮುಂಚಿನ ಭಾಗದ, ಮೂಲ ವಾಕ್ಯವನ್ನೇ ತೆಗೆಸಿದರು, ಧರ್ಮೋಪದೇಶಕಾಂಡ 15:11. ಬಡವರು ಇದ್ದೇ ಇರುತ್ತಾರೆ, ಆದ್ದರಿಂದ ಕೈ ಬಿಚ್ಚಿ ಕೊಡು ಅಂತ ಅಲ್ಲಿದೆ. ಜನ ಅರ್ಧಕ್ಕೇ ನಿಲ್ಲಿಸುತ್ತಾರೆ, ಅದೇ ಅನುಕೂಲ ಅಲ್ವಾ.

ಒಂದು ವಿಷಯದಲ್ಲಿ ಮಾತ್ರ ಫಾದರ್ ಜೊತೆ ನನಗೆ ಒಪ್ಪಿಗೆ ಇಲ್ಲ. ಕುಡಿತದ ಮಾತು ಬಂದರೆ ಅವರು ಬೇಗ ದಾಟಿಸಿಬಿಡುತ್ತಿದ್ದರು. ಈಗ ನಮ್ಮ ಚರ್ಚಿನ ಬಡವರ ನಿಧಿಯ ಸಮಿತಿಯಲ್ಲಿದ್ದೇನೆ, ಕುಡಿತ ಮನೆ ಮುಳುಗಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಬೈಬಲಿನ ಜ್ಞಾನೋಕ್ತಿಗಳೂ ಅದನ್ನು ಮುಚ್ಚಿಡುವುದಿಲ್ಲ. ಆದರೆ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ಕೊನೇ ತೀರ್ಪಿನ ದಿನ, ಸೆರೆಯಲ್ಲಿದ್ದವನನ್ನು ನೋಡಲು ಬಂದಿರಾ ಅನ್ನುವುದಷ್ಟೇ ಲೆಕ್ಕಕ್ಕೆ ಬರುತ್ತದೆ, ಅವನು ಯಾಕೆ ಒಳಗೆ ಹೋದ ಅನ್ನುವ ವಿಚಾರಣೆ ಇಲ್ಲ. ಅಂದರೆ ಕಾರಣ ಹುಡುಕುವುದು ಬೇರು ಕೀಳುವುದಕ್ಕೆ, ಕೊಡದೇ ಇರಲು ನೆಪ ಹುಡುಕುವುದಕ್ಕಲ್ಲ. ಇದು ನನ್ನ ಲೆಕ್ಕಾಚಾರ, ಫಾದರ್ ಹೇಳಿದ್ದಲ್ಲ.

ಈಗ ವಿದ್ಯಾರ್ಥಿಗಳಾಗಿರುವವರಿಗೆ ಇನ್ನೊಂದು ಹೇಳಬೇಕು. ಫ್ರೆಡರಿಕ್ ಓಜಾನಾಂ 1833ರಲ್ಲಿ ಪ್ಯಾರಿಸಿನಲ್ಲಿ ಗೆಳೆಯರ ಜೊತೆ ಸೇರಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪೌಲ್ ಸಂಘ ಶುರು ಮಾಡಿದಾಗ ಅವನಿಗೆ 20 ವರ್ಷ, ಇನ್ನೂ ವಿದ್ಯಾರ್ಥಿ. ಬಡವರ ಮನೆಗೇ ಹೋಗಿ ಮಾತಾಡಿಸುವುದು ಅವರ ರೀತಿ. ಮನೆಗೆ ಹೋದರೆ ತಾನೇ ಸಾಲ ಯಾರದು, ಬಡ್ಡಿ ಎಷ್ಟು ಅಂತ ಗೊತ್ತಾಗುವುದು.

ನಮ್ಮ ಸಮಿತಿಯಲ್ಲಿ ಮೊನ್ನೆ ಇದೇ ಜಗಳ. ಒಂದು ಮನೆಗೆ ತಿಂಗಳ ರೇಷನ್ ಕೊಡುವುದಾ, ಅವರ ಬಡ್ಡಿ ಸಾಲವನ್ನೇ ತೀರಿಸುವುದಾ ಅಂತ. ರೇಷನ್ ಕೊಟ್ಟರೆ ಫೋಟೋ ತೆಗೆಯಬಹುದು, ಸಾಲ ತೀರಿಸಿದರೆ ಏನು ತೋರಿಸುವುದು? ಕೊನೆಗೆ ಸಾಲವನ್ನೇ ತೀರಿಸಿದೆವು. ಇಬ್ಬರು ಸದಸ್ಯರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.